ಝಡ್-80 ಕಂಪ್ಯೂಟರ್ ಜೀವ ತಾಳುತ್ತಿಲ್ಲವೇ? ಬ್ರೆಡ್‌ಬೋರ್ಡ್ ಮೇಲೆ ದೋಷ ಹುಡುಕುವ ಕೈಪಿಡಿ

ಬೆಸುಗೆಯಿಲ್ಲದೆ ಚುಚ್ಚಿ ಸೇರಿಸುವ ಬ್ರೆಡ್‌ಬೋರ್ಡಿನಲ್ಲಿ ಐಸಿಗಳೆಲ್ಲ ಕೂತಿವೆ, ನೂರಾರು ತಂತಿ ಎಳೆದಾಗಿದೆ, ಪವರ್ ಕೊಟ್ಟಾಗಿದೆ. ಟರ್ಮಿನಲ್ ಪರದೆ ಮಾತ್ರ ಖಾಲಿ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಅನುಮಾನಿಸುವುದು ಪ್ರೋಗ್ರಾಮನ್ನು, ಆಮೇಲೆ ಐಸಿಯನ್ನು. ಸಾಮಾನ್ಯವಾಗಿ ಎರಡೂ ನಿರಪರಾಧಿಗಳು. ಪ್ರೋಗ್ರಾಮ್ ಇರುವ ಓದುಮಾತ್ರ ಮೆಮೊರಿ (ರಾಮ್) ಕಿತ್ತು ಮತ್ತೊಮ್ಮೆ ಬರೆಯುವುದು, ಒಂದೊಂದೇ ಐಸಿ ಬದಲಾಯಿಸಿ ನೋಡುವುದು ಕತ್ತಲಲ್ಲಿ ತಡಕಾಡಿದಂತೆ. ಆ ಗಲಾಟೆಯಲ್ಲಿ ಒಂದೆರಡು ಕಾಲು ಮುರಿಯುವುದಷ್ಟೇ ಲಾಭ. ಸಿಪಿಯುವನ್ನು ಒಂಟಿಯಾಗಿ ಓಡಿಸಿ, ಅದು ಸರಿ ಇದೆ ಎಂದು ಖಚಿತವಾದ ಮೇಲೆ ಒಂದೊಂದೇ ಭಾಗ ಸೇರಿಸುತ್ತ ಹೋದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ.

ಇಲ್ಲಿ ಹೇಳುತ್ತಿರುವುದು ಹವ್ಯಾಸಿಗಳು ಹೆಚ್ಚಾಗಿ ಕಟ್ಟುವ ಮಾದರಿಯ ಬಗ್ಗೆ: ಝಡ್-80 ಸಿಪಿಯು, 32 ಕೆಬಿ ಓದುಮಾತ್ರ ಮೆಮೊರಿಯಾಗಿ 28ಸಿ256, 32 ಕೆಬಿ ರ‍್ಯಾಮ್ ಆಗಿ 62256, ಸೀರಿಯಲ್ ಸಂಪರ್ಕಕ್ಕೆ 68ಬಿ50, ವಿಳಾಸ ಬಿಡಿಸಲು 74ಎಚ್‌ಸಿಟಿ04 ಮತ್ತು 74ಎಚ್‌ಸಿಟಿ32, ಜೊತೆಗೆ ಕ್ಲಾಕ್ ಕೊಡಲು 7.3728 ಮೆಗಾಹರ್ಟ್ಸ್ ಆಸಿಲೇಟರ್. ಓದುಮಾತ್ರ ಮೆಮೊರಿಗೆ ಮುಂದೆ ರಾಮ್ ಎನ್ನದೆ ಈಪ್ರಾಮ್ ಎಂದೇ ಬರೆಯುತ್ತೇನೆ. ರಾಮ್, ರ‍್ಯಾಮ್ ಎಂದು ಕಲಸಿಹೋಗುವುದು ಬೇಡ. ಉಪಕರಣ ಜಾಸ್ತಿ ಬೇಕಿಲ್ಲ. ಫ್ರೀಕ್ವೆನ್ಸಿ ಅಳೆಯುವ ಮಲ್ಟಿಮೀಟರ್, ಪಿನ್ ಹೈ (1) ಇದೆಯೋ ಲೋ (0) ಇದೆಯೋ ತೋರಿಸುವ ಒಂದು ಲಾಜಿಕ್ ಪ್ರೋಬ್, ನಾಲ್ಕಾರು ಎಲ್‌ಇಡಿ ಸಾಕು. ಆಸಿಲೋಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ.

ಪವರ್: ಹಳಿಯಲ್ಲಿ ಅಲ್ಲ, ಪಿನ್ನಿನಲ್ಲಿ ಅಳೆಯಿರಿ

ಸಿಪಿಯುವಿನ 11ನೇ ಪಿನ್ +5 ವೋಲ್ಟ್, 29ನೇ ಪಿನ್ ಗ್ರೌಂಡ್. ಮಲ್ಟಿಮೀಟರಿನ ಎರಡೂ ಕಡ್ಡಿಗಳನ್ನು ನೇರವಾಗಿ ಈ ಎರಡು ಕಾಲುಗಳ ಮೇಲೇ ಇಡಿ. 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು. ಬ್ರೆಡ್‌ಬೋರ್ಡಿನ ಅಂಚಿನ ಹಳಿಯಲ್ಲಿ 5.0 ಇದ್ದು ಪಿನ್ನಿನಲ್ಲಿ 4.5 ಇರುವುದು ಅಪರೂಪವೇನಲ್ಲ. ಅನೇಕ ಬೋರ್ಡುಗಳಲ್ಲಿ ಉದ್ದದ ಹಳಿ ನಡುವೆ ತುಂಡಾಗಿರುತ್ತದೆ. ಬಣ್ಣದ ಗೆರೆ ಎಲ್ಲಿ ನಿಂತು ಮತ್ತೆ ಶುರುವಾಗಿದೆ ಎಂದು ನೋಡಿದರೆ ಗೊತ್ತಾಗುತ್ತದೆ. ಅಲ್ಲೊಂದು ತಂತಿ ಹಾಕದಿದ್ದರೆ ಬಲಭಾಗದ ಐಸಿಗಳಿಗೆ ಕರೆಂಟೇ ಇಲ್ಲ. ತಮಾಷೆ ಎಂದರೆ, ಕರೆಂಟ್ ಇಲ್ಲದ ಐಸಿಯೂ ತನ್ನ ಇನ್‌ಪುಟ್ ಪಿನ್ನುಗಳಿಂದ ಒಳಬರುವ ಸಿಗ್ನಲ್ಲಿನಿಂದಲೇ ಅರ್ಧಂಬರ್ಧ ಕೆಲಸ ಮಾಡಿ ನಿಮ್ಮನ್ನು ಪೂರ್ತಿ ದಾರಿ ತಪ್ಪಿಸಬಲ್ಲದು.

ಫೋನ್ ಚಾರ್ಜರ್ ಬಳಸುವವರು ಕೇಬಲ್ ಮೇಲೂ ಒಂದು ಕಣ್ಣಿಡಿ. ತೆಳು ತಂತಿಯ ಉದ್ದನೆಯ ಯುಎಸ್‌ಬಿ ಕೇಬಲ್ ತಾನೇ ಒಂದಷ್ಟು ವೋಲ್ಟ್ ನುಂಗಿಬಿಡುತ್ತದೆ. ಪ್ರತಿ ಐಸಿಯ ಪವರ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಅಂದರೆ 104 ಎಂದು ಬರೆದಿರುವ ಪುಟ್ಟ ಸಿರಾಮಿಕ್ ಬಿಲ್ಲೆ, ಕಾಲಿಗೆ ಅಂಟಿಕೊಂಡಂತೆ ಇರಲಿ. ಇದನ್ನು ಹಾಕದೆಯೂ ಬೋರ್ಡ್ ಓಡಬಹುದು. ಆದರೆ ಹತ್ತು ನಿಮಿಷ ಓಡಿ ನಿಲ್ಲುವ ಬೋರ್ಡು, ಒಮ್ಮೆಯೂ ಓಡದ ಬೋರ್ಡಿಗಿಂತ ಹೆಚ್ಚು ತಲೆ ತಿನ್ನುತ್ತದೆ.

ಕ್ಲಾಕ್ ಮತ್ತು ರೀಸೆಟ್

ಕ್ಲಾಕ್ ಬರುವುದು 6ನೇ ಪಿನ್ನಿಗೆ. ಫ್ರೀಕ್ವೆನ್ಸಿ ಸರಿ ತೋರಿಸಿತು ಎಂದು ಮುಂದೆ ಹೋಗಬೇಡಿ. ಝಡ್-80ರ ಉಳಿದ ಇನ್‌ಪುಟ್‌ಗಳು ಸಾಮಾನ್ಯ ಟಿಟಿಎಲ್ (74ಎಲ್‌ಎಸ್‌ನಂಥ ಲಾಜಿಕ್ ಐಸಿಗಳ) ಮಟ್ಟಕ್ಕೆ ಒಪ್ಪುತ್ತವೆ, ಕ್ಲಾಕ್ ಪಿನ್ ಒಪ್ಪುವುದಿಲ್ಲ. ಅಲ್ಲಿ ಹೈ ಎಂದರೆ ಪವರ್ ವೋಲ್ಟೇಜಿಗಿಂತ 0.6 ವೋಲ್ಟಿನಷ್ಟೇ ಕಡಿಮೆ, ಅಂದರೆ ಸುಮಾರು 4.4 ವೋಲ್ಟ್ ಮುಟ್ಟಲೇಬೇಕು. 74ಎಲ್‌ಎಸ್04 ಬಳಸಿ ಕ್ಲಾಕ್ ಕೊಟ್ಟರೆ ಅದರ ಹೈ ಸುಮಾರು 3.4 ವೋಲ್ಟಿಗೇ ನಿಲ್ಲುತ್ತದೆ. ಲಾಜಿಕ್ ಪ್ರೋಬ್ ಅದನ್ನೂ ಹೈ ಎಂದೇ ತೋರಿಸುತ್ತದೆ. ಸಿಪಿಯುಗೆ ಅದು ಸಾಲದು. ಪರಿಹಾರ ಎರಡು: 74ಎಚ್‌ಸಿ ಅಥವಾ ಎಚ್‌ಸಿಟಿ ಬಳಸಿ, ಇಲ್ಲವೇ ಕ್ಲಾಕ್ ತಂತಿಯಿಂದ +5ಕ್ಕೆ 330 ಓಮ್ ರೆಸಿಸ್ಟರ್ ಎಳೆಯಿರಿ.

ರೀಸೆಟ್ 26ನೇ ಪಿನ್. ಒತ್ತಿದಾಗ ಲೋ, ಬಿಟ್ಟಾಗ ಹೈ. ಲೋ ಆಗಿರುವಾಗ ಕನಿಷ್ಠ ಮೂರು ಪೂರ್ಣ ಕ್ಲಾಕ್ ಕಳೆಯಬೇಕು. 7 ಮೆಗಾಹರ್ಟ್ಸ್‌ನಲ್ಲಿ ಇದು ಲೆಕ್ಕಕ್ಕೇ ಇಲ್ಲದ ಹೊತ್ತು. ಆದರೆ 555 ಟೈಮರ್ ಐಸಿ ಬಳಸಿ ಸೆಕೆಂಡಿಗೊಂದು ಕ್ಲಾಕ್ ಕೊಡುತ್ತ ಎಲ್‌ಇಡಿ ನೋಡುವವರು ಗುಂಡಿಯನ್ನು ಚಕ್ಕನೆ ಒತ್ತಿ ಬಿಟ್ಟರೆ ರೀಸೆಟ್ ಆಗಿಯೇ ಇರುವುದಿಲ್ಲ. ನಾಲ್ಕೈದು ಸೆಕೆಂಡ್ ಹಿಡಿದಿಡಿ. ಇನ್ನೊಂದು ಮಾತು: ಝಡ್-80 ಎರಡು ತಯಾರಿಕಾ ವಿಧಾನಗಳಲ್ಲಿ ಸಿಗುತ್ತದೆ, ಎನ್‌ಮಾಸ್ ಮತ್ತು ಸಿಮಾಸ್; ಇಷ್ಟು ನಿಧಾನದ ಕ್ಲಾಕ್ ಸಿಮಾಸ್ ಆವೃತ್ತಿಗೆ, ಅಂದರೆ 84ಸಿ00 ಎಂದು ಬರೆದಿರುವುದಕ್ಕೆ ಮಾತ್ರ ಹೊಂದುತ್ತದೆ. ಹಳೆಯ ಎನ್‌ಮಾಸ್ ಝಡ್-80ರಲ್ಲಿ ಕ್ಲಾಕ್ 2 ಮೈಕ್ರೋಸೆಕೆಂಡಿಗಿಂತ ಹೆಚ್ಚು ಲೋ ಆಗಿ ಉಳಿಯಬಾರದು. ಉಳಿದರೆ ಒಳಗಿನ ರಿಜಿಸ್ಟರುಗಳು ತಮ್ಮಲ್ಲಿದ್ದುದನ್ನು ಮರೆಯತೊಡಗುತ್ತವೆ.

ತೇಲುವ ನಾಲ್ಕು ಪಿನ್ನುಗಳು

16 ಇಂಟರಪ್ಟ್, 17 ಎನ್‌ಎಂಐ (ತಡೆಯಲಾಗದ ಇಂಟರಪ್ಟ್), 24 ವೇಟ್, 25 ಬಸ್ ರಿಕ್ವೆಸ್ಟ್. ಈ ನಾಲ್ಕೂ ಲೋ ಆದಾಗ ಕೆಲಸ ಮಾಡುವಂಥವು. ಬಳಸದಿದ್ದರೂ ಪ್ರತಿಯೊಂದಕ್ಕೂ +5ಕ್ಕೆ 4.7ಕೆ ಅಥವಾ 10ಕೆ ರೆಸಿಸ್ಟರ್ ಬೇಕು. ಬಿಟ್ಟರೆ ಅವು ಗಾಳಿಯಲ್ಲಿ ತೇಲುತ್ತ ಅಕ್ಕಪಕ್ಕದ ತಂತಿ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತವೆ. ಬೋರ್ಡಿನ ಹತ್ತಿರ ಬೆರಳು ತಂದಾಗ ನಡವಳಿಕೆ ಬದಲಾಗುತ್ತದೆಯೇ? ಎಲ್ಲೋ ಒಂದು ಪಿನ್ ತೇಲುತ್ತಿದೆ ಎಂದೇ ಅರ್ಥ.

ಯಾವುದು ತಪ್ಪಿದೆ ಎಂಬುದನ್ನೂ ಸಿಪಿಯುವೇ ಹೇಳುತ್ತದೆ. 23ನೇ ಪಿನ್, ಬಸ್ ಅಕ್ನಾಲೆಜ್, ಲೋ ಇದ್ದರೆ 25 ಲೋ ಆಗಿದೆ. ಸಿಪಿಯು ಬಸ್ಸನ್ನು, ಅಂದರೆ ವಿಳಾಸ ಮತ್ತು ಡೇಟಾ ತಂತಿಗಳ ಗುಂಪನ್ನು, ಬೇರೆಯವರಿಗೆ ಬಿಟ್ಟುಕೊಟ್ಟು ಕೈಕಟ್ಟಿ ಕೂತಿದೆ. 19, 21 ಎರಡೂ, ಅಂದರೆ ಎಂಆರ್‌ಇಕ್ಯೂ (ಮೆಮೊರಿ ಬೇಕು) ಮತ್ತು ಆರ್‌ಡಿ (ಓದು) ಸಿಗ್ನಲ್ಲುಗಳು, ಅಲುಗಾಡದೆ ಲೋ ಆಗಿಯೇ ನಿಂತಿದ್ದರೆ 24 ನೋಡಿ. ಓದುವ ಮಧ್ಯದಲ್ಲೇ ವೇಟ್ ಅದನ್ನು ತಡೆದಿದೆ. 18ನೇ ಪಿನ್ ಹಾಲ್ಟ್ ಲೋ ಇದ್ದರೆ ಸಿಪಿಯು ಎಲ್ಲಿಂದಲೋ 76 ಎಂಬ ಬೈಟ್ ಓದಿಕೊಂಡಿದೆ (ಇಲ್ಲಿಂದ ಮುಂದೆ ಬೈಟ್ ಮತ್ತು ವಿಳಾಸಗಳೆಲ್ಲ ಹೆಕ್ಸ್, ಅಂದರೆ 16ರ ಮಾನದ ಸಂಖ್ಯೆಗಳು). ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಲ್ಯಾಬಿನಲ್ಲಿ 8085 ಕಿಟ್ ಮೇಲೆ ಕೈ ಆಡಿಸಿದವರಿಗೆ 76 ಗೊತ್ತಿರುತ್ತದೆ, ಅದೇ ಎಚ್‌ಎಲ್‌ಟಿ, ನಿಲ್ಲು ಎಂಬ ಆದೇಶ. 8085, ಝಡ್-80 ಎರಡೂ ಇಂಟೆಲ್ 8080 ಸಿಪಿಯುವಿನ ಮಕ್ಕಳಾದ್ದರಿಂದ ಅಂದು ಬಾಯಿಪಾಠವಾಗಿದ್ದ 3ಇ, 32, 3ಎ, ಸಿ3, ಡಿ3 ಎಲ್ಲವೂ ಇಲ್ಲಿ ಹಾಗೆಯೇ ನಡೆಯುತ್ತವೆ.

ನೋಪ್ ಪರೀಕ್ಷೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಈಪ್ರಾಮ್, ರ‍್ಯಾಮ್, 68ಬಿ50 ಮೂರನ್ನೂ ತೆಗೆದುಬಿಡಿ. ಸಿಪಿಯುವಿನ ಎಂಟೂ ಡೇಟಾ ಪಿನ್ನುಗಳಿಂದ ಗ್ರೌಂಡಿಗೆ ತಲಾ ಒಂದು 1ಕೆ ರೆಸಿಸ್ಟರ್ ಹಾಕಿ. ಈಗ ಸಿಪಿಯು ಎಲ್ಲಿ ಓದಿದರೂ ಸಿಗುವುದು 00. ಝಡ್-80ರಲ್ಲಿ 00 ಎಂದರೆ ನೋಪ್, ಏನೂ ಮಾಡದೆ ಮುಂದಿನ ವಿಳಾಸಕ್ಕೆ ಹೋಗು. ಹಾಗಾಗಿ ಅದು 0000ದಿಂದ ಎಫ್‌ಎಫ್‌ಎಫ್‌ಎಫ್‌ವರೆಗೆ ಎಣಿಸುತ್ತ ಹೋಗಿ ಮತ್ತೆ ಮೊದಲಿಗೆ ಬರುತ್ತದೆ.

ಲೆಕ್ಕ ಸುಲಭ. ಒಂದು ನೋಪ್‌ಗೆ 4 ಕ್ಲಾಕ್. ಒಟ್ಟು ವಿಳಾಸ 65,536. 7.3728 ಮೆಗಾಹರ್ಟ್ಸನ್ನು 4ರಿಂದ, ಆಮೇಲೆ 65,536ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 28 ಸುತ್ತು. 5ನೇ ಪಿನ್, ಅಂದರೆ ವಿಳಾಸದ ಅತಿ ಮೇಲಿನ ಬಿಟ್ಟಾದ ಎ15, ಅಷ್ಟು ವೇಗದಲ್ಲಿ ಹೈ-ಲೋ ಆಗುತ್ತಿರಬೇಕು. ಕಣ್ಣಿಗೇ ಕಾಣಬೇಕೆಂದಿದ್ದರೆ 1 ಮೆಗಾಹರ್ಟ್ಸ್ ಆಸಿಲೇಟರ್ ಹಾಕಿ. ಎ15ಕ್ಕೆ 1ಕೆ ರೆಸಿಸ್ಟರ್ ಮೂಲಕ ಸೇರಿಸಿದ ಎಲ್‌ಇಡಿ ಸೆಕೆಂಡಿಗೆ ನಾಲ್ಕು ಸಲ ಮಿನುಗುತ್ತದೆ. ಎನ್‌ಮಾಸ್ ಸಿಪಿಯುಗೂ ಈ ವೇಗದಿಂದ ತೊಂದರೆಯಿಲ್ಲ.

ಎಲ್‌ಇಡಿ ಪೂರ್ತಿ ಬೆಳಗದೆ ಮಂಕಾಗಿದೆ ಎಂದು ಗಾಬರಿಯಾಗಬೇಡಿ. ಪ್ರತಿ ಬಾರಿ ಆದೇಶ ಓದಿದ ಮೇಲೆ ಉಳಿದರ್ಧ ಸಮಯ ಝಡ್-80 ಡೈನಾಮಿಕ್ ರ‍್ಯಾಮಿಗೆಂದು ರಿಫ್ರೆಶ್ ವಿಳಾಸ ಕಳಿಸುತ್ತದೆ. ಆ ಹೊತ್ತಿನಲ್ಲಿ ಕೆಳಗಿನ ಏಳು ಬಿಟ್ಟುಗಳಲ್ಲಿ ಆರ್ ರಿಜಿಸ್ಟರಿನ ಎಣಿಕೆ ಓಡುತ್ತಿರುತ್ತದೆ, ಮೇಲಿನ ಎಂಟರಲ್ಲಿ ಐ ರಿಜಿಸ್ಟರಿನ ಸೊನ್ನೆ. ಎ15 ಹೈ ಇರಬೇಕಾದ ಅವಧಿಯಲ್ಲೂ ಅದು ಅರ್ಧ ಹೊತ್ತು ಲೋ ಆಗಿ ಬರುತ್ತದೆ. ಇದೇ ಕಾರಣಕ್ಕೆ ಅಗ್ಗದ ಮಲ್ಟಿಮೀಟರ್ ಎ15ರಲ್ಲಿ 28 ಬದಲು ಏನೇನೋ ಸಂಖ್ಯೆ ತೋರಿಸಬಹುದು. ಕಣ್ಣನ್ನೋ ಸ್ಕೋಪನ್ನೋ ನಂಬಿ.

ಎ0ಯಿಂದ ಎ15ರವರೆಗೆ ಒಂದೊಂದಾಗಿ ಪ್ರೋಬ್ ಇಡುತ್ತ ಹೋಗಿ. ಒಂದು ಮಾತ್ರ ಸ್ಥಿರವಾಗಿ ನಿಂತಿದ್ದರೆ ಆ ತಂತಿ ಪವರ್‌ಗೋ ಗ್ರೌಂಡ್‌ಗೋ ತಾಗಿದೆ. ಎಣಿಕೆಯೇ ಕ್ರಮ ತಪ್ಪಿದ್ದರೆ ಯಾವುದೋ ಡೇಟಾ ಪಿನ್ನಿನ ರೆಸಿಸ್ಟರ್ ಕೂತಿಲ್ಲ. ಎಲ್ಲವೂ ಸರಿಯಿದ್ದರೆ ಪವರ್, ಕ್ಲಾಕ್, ರೀಸೆಟ್, ಸಿಪಿಯು ನಾಲ್ಕೂ ಒಂದೇ ಏಟಿಗೆ ತೇರ್ಗಡೆ. ಇನ್ನು ಅವುಗಳ ಕಡೆ ತಿರುಗಿ ನೋಡಬೇಕಿಲ್ಲ.

ಈಪ್ರಾಮ್: ಒಂದೇ ಬೈಟಿನ ಪ್ರೋಗ್ರಾಮ್

ರೆಸಿಸ್ಟರುಗಳನ್ನು ತೆಗೆಯಿರಿ. ಈಪ್ರಾಮಿನ 0000ದಲ್ಲಿ 76 ಬರೆದು ಕೂರಿಸಿ. ಝಡ್-80 ರೀಸೆಟ್ ಆದ ಮೇಲೆ ಓದುವುದು 0000ದಿಂದಲೇ. ಪವರ್‌ನಿಂದ 18ನೇ ಪಿನ್ನಿಗೆ ರೆಸಿಸ್ಟರ್ ಜೊತೆ ಎಲ್‌ಇಡಿ ಹಾಕಿದ್ದರೆ, ರೀಸೆಟ್ ಬಿಟ್ಟ ತಕ್ಷಣ ಬೆಳಗಬೇಕು. ಬೆಳಗಿದರೆ ಈಪ್ರಾಮ್ ಸಿಪಿಯುಗೆ ತಲುಪುತ್ತಿದೆ.

ಬೆಳಗದಿದ್ದರೆ ಸಿಪಿಯುವಿನ 22ನೇ ಪಿನ್, ಅಂದರೆ ಬರೆಯುವ ಸಿಗ್ನಲ್ ಡಬ್ಲ್ಯೂಆರ್, ನೋಡಿ. ನಿಮ್ಮ ಪ್ರೋಗ್ರಾಮಿನಲ್ಲಿ ಬರೆಯುವ ಆದೇಶವೇ ಇಲ್ಲ, ಆದರೂ ಅಲ್ಲಿ ಒಂದೇ ಸಮನೆ ಪಲ್ಸ್ ಬರುತ್ತಿದೆ ಎಂದುಕೊಳ್ಳಿ. ಸಿಪಿಯು ಓದುತ್ತಿರುವುದು ಎಫ್‌ಎಫ್. ಇದು ಆರ್‌ಎಸ್‌ಟಿ 38 ಎಂಬ ಆದೇಶ: ಹಿಂತಿರುಗುವ ವಿಳಾಸವನ್ನು ಸ್ಟ್ಯಾಕಿಗೆ (ಅದನ್ನು ನೆನಪಿಡುವ ರ‍್ಯಾಮ್ ಜಾಗಕ್ಕೆ) ಎರಡು ಬೈಟಾಗಿ ಬರೆದು 0038ಕ್ಕೆ ಜಿಗಿ. ಅಲ್ಲೂ ಎಫ್‌ಎಫ್, ಮತ್ತೆ ಅದೇ. 11 ಕ್ಲಾಕಿಗೊಮ್ಮೆ ಎರಡೆರಡು ಬರಹ, ಕೊನೆಯಿಲ್ಲದೆ. ಎಫ್‌ಎಫ್ ಬರುವುದು ಎರಡು ಸಂದರ್ಭದಲ್ಲಿ. ಒಂದೋ ಈಪ್ರಾಮ್ ಖಾಲಿ ಇದೆ, ಇಲ್ಲವೇ ಅದಕ್ಕೆ ಆಯ್ಕೆಯ ಸಿಗ್ನಲ್ ಹೋಗದೆ ಡೇಟಾ ಬಸ್ ಅನಾಥವಾಗಿ ಹೈ ಕಡೆ ತೇಲಿದೆ. 28ಸಿ256ರ 20ನೇ ಪಿನ್ ಮತ್ತು 22ನೇ ಪಿನ್ ಎರಡೂ ಓದುವಾಗ ಲೋ ಆಗುತ್ತಿವೆಯೇ ನೋಡಿ. ಆಗದಿದ್ದರೆ ತಪ್ಪು 74ಎಚ್‌ಸಿಟಿ32ರ ಸುತ್ತಮುತ್ತ.

ಡಬ್ಲ್ಯೂಆರ್ ಶಾಂತವಾಗಿದ್ದೂ ಹಾಲ್ಟ್ ಬರದಿದ್ದರೆ ಡೇಟಾ ತಂತಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಝಡ್-80ರ ಡೇಟಾ ಪಿನ್ನುಗಳ ಜೋಡಣೆ ವಿಚಿತ್ರ. 7ನೇ ಪಿನ್ನಿನಿಂದ ಹೊರಟರೆ ಡಿ4, ಡಿ3, ಡಿ5, ಡಿ6, ನಡುವೆ ಪವರ್, ಆಮೇಲೆ ಡಿ2, ಡಿ7, ಡಿ0, ಡಿ1. ಕ್ರಮವಾಗಿರಬಹುದು ಎಂಬ ಭರವಸೆಯಲ್ಲಿ ತಂತಿ ಎಳೆದವರೆಲ್ಲ ಇಲ್ಲಿ ಎಡವುತ್ತಾರೆ. 76ನ್ನು ಬಿಟ್ಟುಗಳಾಗಿ ಬಿಡಿಸಿದರೆ 0111 0110. ಪಕ್ಕಪಕ್ಕದ ಡಿ0-ಡಿ1 ಅದಲುಬದಲಾದರೆ ಅದು 75 ಆಗುತ್ತದೆ, ಡಿ3-ಡಿ4 ಆದರೆ 6ಇ. ಎರಡೂ ಹಾಲ್ಟ್ ಅಲ್ಲ, ಹಾಗಾಗಿ ತಪ್ಪು ಬಯಲಾಗುತ್ತದೆ. ಆದರೆ ಡಿ5, ಡಿ6 ಎರಡೂ 1, ಪಕ್ಕಪಕ್ಕದ ಡಿ7, ಡಿ0 ಎರಡೂ 0 ಆಗಿರುವುದರಿಂದ ಈ ಜೋಡಿಗಳು ತಮ್ಮೊಳಗೆ ಬದಲಾಗಿದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ. ಪವರ್ ತೆಗೆದು ಆ ತಂತಿಗಳನ್ನು ಮಲ್ಟಿಮೀಟರಿನ ಬೀಪ್ ಸದ್ದಿನಲ್ಲೇ ಖಚಿತಪಡಿಸಿಕೊಳ್ಳಿ.

ಐಸಿ ಬದಲಾಯಿಸಿದವರಿಗೆ ಇನ್ನೊಂದು ಬಲೆ ಕಾದಿದೆ. 27ಸಿ256 ಮತ್ತು 28ಸಿ256 ನೋಡಲು ಅವಳಿಗಳು, 28 ಕಾಲು, ಅದೇ ಗಾತ್ರ. ಆದರೆ ಎ14 ಮೊದಲನೆಯದರಲ್ಲಿ 27ನೇ ಪಿನ್, ಎರಡನೆಯದರಲ್ಲಿ 1ನೇ ಪಿನ್. 28ಸಿ256ರ 27ನೇ ಪಿನ್ ಬರೆಯುವ ಸಿಗ್ನಲ್ಲಿನದು. ಓದುವಾಗ ಅದು ಹೈ ಇರಲೇಬೇಕು. ಹಳೆಯ ನಕ್ಷೆ ನೋಡಿ ತಂತಿ ಎಳೆದು ಹೊಸ ಐಸಿ ಕೂರಿಸಿದ್ದರೆ ಮೊದಲು ಇದನ್ನೇ ನೋಡಿ.

ರ‍್ಯಾಮ್

ಇಲ್ಲಿ ದೋಷದ ಗುರುತು ಸ್ಪಷ್ಟ: ಪ್ರೋಗ್ರಾಮ್ ಮೊದಲ ಕಾಲ್ ಆದೇಶದವರೆಗೆ ಚೆನ್ನಾಗಿ ನಡೆದು, ರಿಟರ್ನ್ ಆಗುವಾಗ ದಿಕ್ಕು ತಪ್ಪುತ್ತದೆ. ಸ್ಟ್ಯಾಕಿನಲ್ಲಿ ಇಟ್ಟದ್ದು ವಾಪಸ್ ಸಿಗುತ್ತಿಲ್ಲ. ಸ್ಟ್ಯಾಕ್ ಮುಟ್ಟದೆ ಪರೀಕ್ಷಿಸಲು ಈ ಹದಿಮೂರು ಬೈಟ್ ಸಾಕು:

3ಇ 55 32 00 80 3ಎ 00 80 ಎಫ್‌ಇ 55 20 ಎಫ್‌ಇ 76

55ನ್ನು 8000ಕ್ಕೆ ಬರೆ, ವಾಪಸ್ ಓದು, 55 ಅಲ್ಲದಿದ್ದರೆ ಅಲ್ಲೇ ಸುತ್ತುತ್ತಿರು, ಹೌದಾದರೆ ಹಾಲ್ಟ್. ಎಲ್‌ಇಡಿ ಬೆಳಗಿದರೆ ರ‍್ಯಾಮ್ ಸಿಕ್ಕಿತು. ಎರಡೂ ಕಡೆ 55 ಬದಲು ಎಎ ಹಾಕಿ ಇನ್ನೊಮ್ಮೆ ಓಡಿಸಿ, ಎಂಟೂ ಬಿಟ್ಟುಗಳ ಪರೀಕ್ಷೆ ಆದಂತಾಗುತ್ತದೆ. 8085ರವರು ಇದನ್ನು ತಮ್ಮ ಕಿಟ್ಟಿನಲ್ಲಿ ಓಡಿಸಲು ಹೋಗಬೇಡಿ. ಅಲ್ಲಿ 20 ಎಂದರೆ ಆರ್‌ಐಎಂ, ಷರತ್ತಿನ ಜಿಗಿತವಲ್ಲ.

ರ‍್ಯಾಮಿನಲ್ಲಿ ಡೇಟಾ ತಂತಿಗಳು ತಮ್ಮತಮ್ಮಲ್ಲೇ ಅದಲುಬದಲಾಗಿದ್ದರೆ, ವಿಳಾಸದ ತಂತಿಗಳು ಹಾಗಾಗಿದ್ದರೂ ಸರಿ, ಕಿತ್ತು ಸರಿಪಡಿಸುವ ಅಗತ್ಯವೇ ಇಲ್ಲ. ಬರೆಯುವಾಗ ಆದ ಅದಲುಬದಲು ಓದುವಾಗಲೂ ಆಗುತ್ತದೆ, ಸಿಪಿಯುಗೆ ಗೊತ್ತೇ ಆಗುವುದಿಲ್ಲ. ಈಪ್ರಾಮಿನಲ್ಲಿ ಈ ರಿಯಾಯಿತಿ ಇಲ್ಲ, ಯಾಕೆಂದರೆ ಅದನ್ನು ಬರೆದದ್ದು ಬೇರೆ ಯಂತ್ರ.

ಸೀರಿಯಲ್: ಕಸ ಬರುತ್ತಿದೆಯೋ, ಮೌನವೋ?

ಪರದೆಯಲ್ಲಿ ಕಸ ಬರುತ್ತಿದ್ದರೆ ಖುಷಿಪಡಿ, ಯಂತ್ರ ಬದುಕಿದೆ, ವೇಗ ಮಾತ್ರ ಹೊಂದುತ್ತಿಲ್ಲ. 7.3728 ಎಂಬ ವಿಚಿತ್ರ ಸಂಖ್ಯೆ ಆರಿಸಿದ್ದೇ ಇದಕ್ಕಾಗಿ: 64ರಿಂದ ಭಾಗಿಸಿದರೆ ಸರಿಯಾಗಿ 115200 ಬಾಡ್, ಅಂದರೆ ಸೆಕೆಂಡಿಗೆ ಅಷ್ಟು ಬಿಟ್. ಅದು ಸಿಗಲಿಲ್ಲವೆಂದು 8 ಮೆಗಾಹರ್ಟ್ಸ್ ಹಾಕಿದರೆ 125000 ಆಗುತ್ತದೆ. ಶೇ 8ಕ್ಕೂ ಹೆಚ್ಚಿನ ಈ ವ್ಯತ್ಯಾಸವನ್ನು ಯಾವ ಟರ್ಮಿನಲ್ಲೂ ಸಹಿಸುವುದಿಲ್ಲ. ಖಚಿತಪಡಿಸಿಕೊಳ್ಳಲು 55, ಅಂದರೆ ದೊಡ್ಡ ಯು ಅಕ್ಷರವನ್ನು ಬಿಡುವಿಲ್ಲದೆ ಕಳಿಸುವ ಪುಟ್ಟ ಪ್ರೋಗ್ರಾಮ್ ಬರೆಯಿರಿ. ಸ್ಟಾರ್ಟ್, ಸ್ಟಾಪ್ ಬಿಟ್ಟು ಸೇರಿ ಅದು ತಂತಿಯಲ್ಲಿ 0101010101 ಎಂದೇ ಹರಿಯುತ್ತದೆ. 68ಬಿ50ರ 6ನೇ ಪಿನ್ನಿನಲ್ಲಿ ಮಲ್ಟಿಮೀಟರ್ 57.6 ಕಿಲೋಹರ್ಟ್ಸ್ ತೋರಿಸಿದರೆ ಬಾಡ್ ಸರಿ; ತಪ್ಪು ಟರ್ಮಿನಲ್ ಸೆಟ್ಟಿಂಗಿನಲ್ಲಿದೆ.

ಪೂರ್ತಿ ಮೌನವಾಗಿದ್ದರೆ 68ಬಿ50ರ 24ನೇ ಪಿನ್ ಸಿಟಿಎಸ್ (ಕಳಿಸಲು ಅನುಮತಿ) ನೋಡಿ. ಅದು ಲೋ ಇಲ್ಲದಿದ್ದರೆ 68ಬಿ50 ಕಳಿಸಲು ಜಾಗ ಖಾಲಿ ಇದೆ ಎಂದು ಹೇಳುವುದೇ ಇಲ್ಲ, ಪ್ರೋಗ್ರಾಮ್ ಕಾಯುತ್ತಲೇ ಇರುತ್ತದೆ. ಅದೇ ಐಸಿಯ 23ನೇ ಪಿನ್ ಡಿಸಿಡಿಯನ್ನೂ (ಆಚೆ ಕಡೆಯ ಸಂಪರ್ಕ ಇದೆ ಎನ್ನುವ ಸಿಗ್ನಲ್) ಗ್ರೌಂಡಿಗೆ ಸೇರಿಸಿ. ಈ ಐಸಿಗೆ ರೀಸೆಟ್ ಪಿನ್ ಇಲ್ಲ. ಕಂಟ್ರೋಲ್ ಪೋರ್ಟಿಗೆ ಮೊದಲು 03, ಆಮೇಲೆ 16 ಬರೆದರೆ ಮಾತ್ರ ಅದು ಎಚ್ಚರಗೊಂಡು 64ರ ಭಾಗಾಕಾರ, 8 ಬಿಟ್, ಪ್ಯಾರಿಟಿ ಇಲ್ಲದ ಕ್ರಮಕ್ಕೆ ಬರುತ್ತದೆ. ಟಿಎಕ್ಸ್ (ಕಳಿಸುವ), ಆರ್‌ಎಕ್ಸ್ (ಪಡೆಯುವ) ತಂತಿಗಳು ಅಡ್ಡ ದಾಟಿರಬೇಕು ಎಂಬುದನ್ನು ಹೇಳಬೇಕಿಲ್ಲ ಅಂದುಕೊಂಡರೂ ಹೇಳಿಬಿಡುತ್ತೇನೆ.

ಪವರ್ ತೆಗೆದ ಮೇಲೂ ಬೋರ್ಡಿನ ಎಲ್‌ಇಡಿ ಮಂಕಾಗಿ ಉರಿಯುತ್ತಿದ್ದರೆ, ಯುಎಸ್‌ಬಿ ಸೀರಿಯಲ್ ಅಡಾಪ್ಟರಿನ ಟಿಎಕ್ಸ್ ತಂತಿಯಿಂದ ಕರೆಂಟ್ ಹಿಂಬಾಗಿಲಿನಲ್ಲಿ ನುಗ್ಗುತ್ತಿದೆ. ಆಫ್-ಆನ್ ಮಾಡಿದರೂ ರ‍್ಯಾಮ್ ಅಳಿಸದೆ, ಹಳೆಯ ಅವಸ್ಥೆಯೇ ಮರಳಿ ಬರುವುದು ಇದರಿಂದ. ಆ ತಂತಿಯಲ್ಲಿ 1ಕೆ ರೆಸಿಸ್ಟರ್ ಹಾಕಿ, ಆಫ್ ಮಾಡುವಾಗ ಅಡಾಪ್ಟರನ್ನೂ ಕೀಳಿ.

ಓಡುತ್ತದೆ, ಆದರೆ ಆಗಾಗ ನಿಲ್ಲುತ್ತದೆ

ಮೊದಲು ಕ್ಲಾಕನ್ನು ಅರ್ಧಕ್ಕೆ ಇಳಿಸಿ. ದೋಷ ಮಾಯವಾದರೆ ಸಮಯದ ಸಮಸ್ಯೆ. 7.3728 ಮೆಗಾಹರ್ಟ್ಸ್‌ನಲ್ಲಿ ಒಂದು ಕ್ಲಾಕ್ ಸುಮಾರು 136 ನ್ಯಾನೋಸೆಕೆಂಡ್. ಆದೇಶ ಓದಲು ಸಿಗುವುದು ಹೆಚ್ಚೆಂದರೆ ಎರಡು ಕ್ಲಾಕ್. ಎಂಆರ್‌ಇಕ್ಯೂ ಬಳಸಿ ಈಪ್ರಾಮನ್ನು ಆಯ್ಕೆ ಮಾಡುತ್ತಿದ್ದರೆ ಒಂದೂವರೆ, ಅದರಲ್ಲೂ ಗೇಟುಗಳ ವಿಳಂಬ ಕಳೆಯಬೇಕು. ಕೊನೆಯಲ್ಲಿ 25 ಎಂದಿರುವ, ಅಂದರೆ 250 ನ್ಯಾನೋಸೆಕೆಂಡಿನ ಹಳೆಯ ಈಪ್ರಾಮ್ ಇಲ್ಲಿ ಹೆಣಗಾಡುತ್ತದೆ.

ನಿಧಾನ ಮಾಡಿದರೂ ಹೋಗದಿದ್ದರೆ ಮಟ್ಟದ ಸಮಸ್ಯೆ ಇರಬಹುದು. ಎನ್‌ಮಾಸ್ ಝಡ್-80ರ ಹೈ ಖಾತ್ರಿ ಇರುವುದು 2.4 ವೋಲ್ಟಿನವರೆಗೆ ಮಾತ್ರ. 74ಎಚ್‌ಸಿ ಐಸಿಗಳು ಹೈ ಎಂದು ಒಪ್ಪಲು 3.5 ಕೇಳುತ್ತವೆ, ಎಚ್‌ಸಿಟಿಗೆ 2.0 ಸಾಕು. ಹೆಸರಿನಲ್ಲಿ ಒಂದು ಟಿ ಇಲ್ಲದಿರುವುದು ಬೆಳಗ್ಗೆ ಓಡಿ ಮಧ್ಯಾಹ್ನ ಸೆಕೆಗೆ ನಿಲ್ಲುವ ಬೋರ್ಡಿಗೆ ಕಾರಣವಾಗಬಲ್ಲದು.

ಐಸಿಯೇ ನಕಲಿ ಇದ್ದರೆ?

1976ರಲ್ಲಿ ಬಂದ ಝಡ್-80ರ ಈ 40 ಕಾಲಿನ ರೂಪಕ್ಕೆ 2024ರ ಜೂನ್ 14 ಕೊನೆಯ ಆರ್ಡರ್ ದಿನ ಎಂದು ಅದರ ತಯಾರಕ ಕಂಪನಿ ಝೈಲಾಗ್ ಘೋಷಿಸಿತು. ಇನ್ನು ಸಿಗುವುದು ಉಳಿದ ದಾಸ್ತಾನು ಮತ್ತು ಹಳೆಯ ಬೋರ್ಡಿನಿಂದ ಕಿತ್ತದ್ದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳಿ, ಆನ್‌ಲೈನ್ ತರಿಸಿ, ಮೇಲಿನ ಮುದ್ರೆ ಉಜ್ಜಿ ಹೊಸದಾಗಿ ಬರೆದ ಐಸಿ ಕೈಗೆ ಬರುವ ಸಾಧ್ಯತೆ ಇದ್ದೇ ಇದೆ. ಹತ್ತಿಗೆ ಅಸಿಟೋನ್ ಹಚ್ಚಿ ಒರೆಸಿದಾಗ ಅಕ್ಷರದ ಜೊತೆ ಕಪ್ಪು ಬಣ್ಣವೂ ಬಂದರೆ ಅನುಮಾನಿಸಿ.

ಗಟ್ಟಿ ಪರೀಕ್ಷೆ ಬೇರೆ ಇದೆ. ಇಡಿ 71 ಎಂಬ ಎರಡು ಬೈಟಿನ ಆದೇಶ ಕೈಪಿಡಿಯಲ್ಲಿಲ್ಲ, ಆದರೂ ಕೆಲಸ ಮಾಡುತ್ತದೆ. ಸಿ ರಿಜಿಸ್ಟರಿನಲ್ಲಿರುವ ಪೋರ್ಟಿಗೆ ಝೈಲಾಗಿನ ಎನ್‌ಮಾಸ್ ಐಸಿ 00 ಕಳಿಸುತ್ತದೆ, ಸಿಮಾಸ್ ಐಸಿ ಎಫ್‌ಎಫ್. ಸಿ ಗೆ ಸೀರಿಯಲ್ ಡೇಟಾ ಪೋರ್ಟಿನ ಸಂಖ್ಯೆ ಕೊಟ್ಟು, ಟರ್ಮಿನಲ್ಲನ್ನು ಹೆಕ್ಸ್ ತೋರಿಸುವಂತೆ ಮಾಡಿ ನೋಡಿ. 84ಸಿ0020 ಎಂದು ಬರೆದ ಐಸಿ 00 ಕಳಿಸಿದರೆ ಅದು 20 ಮೆಗಾಹರ್ಟ್ಸಿನದಲ್ಲ, ಬಹುಶಃ 4 ಮೆಗಾಹರ್ಟ್ಸಿನ ಹಳೆಯ ಝಡ್-80ಎ. ಎಸೆಯಬೇಕಿಲ್ಲ. 3.6864 ಮೆಗಾಹರ್ಟ್ಸ್ ಆಸಿಲೇಟರ್ ಹಾಕಿ, ಟರ್ಮಿನಲ್ಲನ್ನು 57600 ಬಾಡಿಗೆ ಇಳಿಸಿ, ಹಾಗೇ ಓಡುತ್ತದೆ.